ಪಠ್ಯ ದತ್ತಾಂಶದಿಂದ ಕೀಲಿ-ಮೌಲ್ಯ ಸಂಗ್ರಹ

ನಿಗದಿತ ವಿನ್ಯಾಸದಲ್ಲಿರುವ ಪಠ್ಯವನ್ನು ಓದಿ, ಅದರಲ್ಲಿನ ಪ್ರತಿಯೊಂದು ಮಾಹಿತಿಯನ್ನೂ ಅದರ ಹೆಸರಿನೊಡನೆ (ಕೀಲಿ) ಜೋಡಿಸಿಡುವ ಕ್ರಿಯೆಯನ್ನು ಪ್ರೋಗ್ರಾಮಿಂಗ್‌ನಲ್ಲಿ ಪಾರ್ಸಿಂಗ್ ಎನ್ನುವ ಕಾರ್ಯದ ಒಂದು ಬಗೆಯೆಂದು ಪರಿಗಣಿಸಲಾಗುತ್ತದೆ. ಹೀಗೆ ದೊರೆಯುವ ಸಂಗ್ರಹಕ್ಕೆ ಪೈಥಾನ್ ಭಾಷೆಯಲ್ಲಿ ಡಿಕ್ಷನರಿ, ಪರ್ಲ್‌ನಲ್ಲಿ ಹ್ಯಾಶ್, ಜಾವಾದಲ್ಲಿ ಮ್ಯಾಪ್ ಎಂಬ ಹೆಸರುಗಳಿವೆ.

ವಿಧಾನ

ಚಾಮರಾಜನಗರ ಜಿಲ್ಲೆಯ ಮಾರ್ಟಳ್ಳಿ ಗ್ರಾಮದ ವಿವರವನ್ನು ಹೀಗೆ ಬರೆಯಬಹುದು:

ಗ್ರಾಮ=ಮಾರ್ಟಳ್ಳಿ; ತಾಲ್ಲೂಕು=ಕೊಳ್ಳೇಗಾಲ; ಜಿಲ್ಲೆ=ಚಾಮರಾಜನಗರ

ಈ ಸಾಲನ್ನು ಮೊದಲು ಅರ್ಧವಿರಾಮದ ಬಳಿ, ಅನಂತರ ಪ್ರತಿ ತುಂಡನ್ನೂ ಸಮಚಿಹ್ನೆಯ ಬಳಿ ಒಡೆದರೆ ಮೂರು ಜೋಡಿಗಳು ಸಿಗುತ್ತವೆ. ಮೌಲ್ಯದೊಳಗೂ ಸಮಚಿಹ್ನೆ ಇರಬಹುದಾದ್ದರಿಂದ ಮೊದಲನೆಯದರ ಬಳಿ ಮಾತ್ರ ಒಡೆಯಬೇಕು. ಅರ್ಧವಿರಾಮದ ನಂತರದ ಖಾಲಿ ಜಾಗವನ್ನು ತೆಗೆಯದಿದ್ದರೆ ಅದೂ ಕೀಲಿಯ ಭಾಗವಾಗುತ್ತದೆ. ಆಗ ‘ತಾಲ್ಲೂಕು’ ಎಂದು ಹುಡುಕಿದವರಿಗೆ ಏನೂ ಸಿಗುವುದಿಲ್ಲ.

ಪುನರಾವರ್ತಿತ ಕೀಲಿಗಳು

2011ರ ಜನಗಣತಿಯಲ್ಲಿ ಮಾರ್ಟಳ್ಳಿ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. ಹನೂರು ಪ್ರತ್ಯೇಕ ತಾಲ್ಲೂಕಾದ ಬಳಿಕ ಅದಕ್ಕೆ ಸೇರಿತು. ಎರಡೂ ಕಾಲದ ದಾಖಲೆಗಳನ್ನು ಒಂದುಗೂಡಿಸಿದಾಗ ‘ತಾಲ್ಲೂಕು’ ಎಂಬ ಕೀಲಿ ಎರಡು ಬಾರಿ ಬರುತ್ತದೆ. ಪೈಥಾನ್‌ನ ಡಿಕ್ಷನರಿಯಲ್ಲಿ ಕೊನೆಯ ಮೌಲ್ಯವಷ್ಟೇ ಉಳಿಯುತ್ತದೆ, ಮೊದಲನೆಯದು ಯಾವ ಎಚ್ಚರಿಕೆಯೂ ಇಲ್ಲದೆ ಅಳಿಸಿಹೋಗುತ್ತದೆ. ಜಿಲ್ಲೆಯ ಹೆಸರಂತೂ ಇನ್ನಷ್ಟು ತೊಡಕಿನದು: ಕೊಳ್ಳೇಗಾಲ ಪ್ರದೇಶ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೂ 1997ರವರೆಗೆ ಮೈಸೂರು ಜಿಲ್ಲೆಯಲ್ಲಿಯೂ ಇತ್ತು. ಇಂಥ ಕಡೆ ಮೌಲ್ಯದ ಸ್ಥಾನದಲ್ಲಿ ವರ್ಷಸಹಿತವಾದ ಪಟ್ಟಿಯನ್ನು ಇಡುವುದೇ ಸರಿಯಾದ ಕ್ರಮ.

ಕನ್ನಡ ಕೀಲಿಗಳ ಸಮಸ್ಯೆ

ಯುನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ರೀತಿ ದಾಖಲಿಸಬಹುದು. ‘ಕೊ’ ಅಕ್ಷರದ ಒತ್ವವು ದಶಮಾನ ಸಂಖ್ಯೆ 3274ರ ಒಂದೇ ಸಂಕೇತವಾಗಿರಬಹುದು, ಅಥವಾ 3270 ಮತ್ತು 3266ರ ಜೋಡಿಯಾಗಿರಬಹುದು. ‘ಳ್ಳೇ’ಯ ಏತ್ವವೂ ಹಾಗೆಯೇ: 3271, ಇಲ್ಲವೇ 3270 ಮತ್ತು 3285. ಆದ್ದರಿಂದ ‘ಕೊಳ್ಳೇಗಾಲ’ ಎಂಬ ಒಂದೇ ಹೆಸರಿಗೆ ನಾಲ್ಕು ರೂಪಗಳು ಸಾಧ್ಯ. ಪರದೆಯ ಮೇಲೆ ಅವು ಒಂದೇ ತೆರನಾಗಿ ಕಾಣುತ್ತವೆ. ಗಣಕಕ್ಕೆ ಮಾತ್ರ ನಾಲ್ಕೂ ಬೇರೆ ಬೇರೆ ಕೀಲಿಗಳು. ತಾಲ್ಲೂಕುವಾರು ಗ್ರಾಮಗಳನ್ನು ಎಣಿಸುವಾಗ ಕೊಳ್ಳೇಗಾಲದ ಲೆಕ್ಕ ಹೀಗೆ ಒಡೆದುಹೋಗಬಹುದು. ಮಾರ್ಟಳ್ಳಿ, ಹನೂರು, ಯಳಂದೂರು ಹೆಸರುಗಳಲ್ಲಿ ಅಂಥ ಸ್ವರಗಳಿಲ್ಲ, ಹಾಗಾಗಿ ಅವನ್ನಷ್ಟೇ ಬಳಸಿ ಪರೀಕ್ಷಿಸಿದವರಿಗೆ ಈ ದೋಷ ಕಾಣಿಸುವುದೇ ಇಲ್ಲ.

ಪರಿಹಾರವಾಗಿ, ಸಂಗ್ರಹಕ್ಕೆ ಸೇರಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಎನ್‌ಎಫ್‌ಸಿ ಎಂಬ ಯುನಿಕೋಡ್ ಸಾಮಾನ್ಯೀಕೃತ ರೂಪಕ್ಕೆ ತರಲಾಗುತ್ತದೆ. ಪೈಥಾನ್‌ನಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ. ಆದರೆ ಪದಾಂತ್ಯದಲ್ಲಿ ಉಳಿದುಬಿಡುವ ಶೂನ್ಯ ಅಗಲದ ಅದೃಶ್ಯ ಸಂಕೇತಗಳನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ‘ತಾಲೂಕು’, ‘ತಾಲ್ಲೂಕು’ ಎಂಬ ಕಾಗುಣಿತ ಭೇದವೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಪರ್ಯಾಯ ಹೆಸರುಗಳ ಪಟ್ಟಿಯೊಂದನ್ನು ಕೈಯಾರೆ ಸಿದ್ಧಪಡಿಸಬೇಕಾಗುತ್ತದೆ.