85 ಕಿಲೋಮೀಟರ್ ನಡೆದ ಹುಡುಗ

ಮಕ್ಕಳೇ, ಕಡೂರಿನಿಂದ ತರೀಕೆರೆಗೆ ನಡೆದು ಹೋಗಿ, ಹಾಗೇ ನಡೆದು ವಾಪಸ್ ಬನ್ನಿ ಎಂದರೆ ಏನನ್ನುತ್ತೀರಿ? “ಈ ಅಜ್ಜನಿಗೆ ಅರಳುಮರಳು” ಎಂದು ನಗುತ್ತೀರಿ, ಅಲ್ಲವೇ? ಅದಕ್ಕಿಂತಲೂ ದೂರ, 85 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಓದುವ ಆಸೆಗಾಗಿ ಎರಡು ದಿನ ನಡೆದ ಹುಡುಗನೊಬ್ಬನಿದ್ದ.

ಅವನ ಹೆಸರು ನರಸಿಂಹಯ್ಯ. ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬಡವರ ಮನೆ. ಊರಿನ ಶಾಲೆಯ ಓದು ಮುಗಿಯಿತು. ಮುಂದೆ ಓದಲು ಬೆಂಗಳೂರಿಗೆ ಹೋಗಬೇಕು, ಬಸ್ಸಿಗೆ ಕಾಸಿಲ್ಲ. ಆದರೆ ಒಂದು ಧೈರ್ಯವಿತ್ತು. ಹೊಸೂರಿನಲ್ಲಿ ಅವನಿಗೆ ಹೆಡ್‌ಮಾಸ್ಟರಾಗಿದ್ದ ಎಂ.ಎಸ್. ನಾರಾಯಣರಾಯರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಅವರನ್ನೇ ನಂಬಿ ಹುಡುಗ 1935ರಲ್ಲಿ ನಡೆದೇ ಹೊರಟ. ಆ ಶಾಲೆಯಲ್ಲಿ ಅವನಿಗೆ ಜಾಗ ಸಿಕ್ಕಿತು.

ಮರುವರ್ಷ ಮಹಾತ್ಮ ಗಾಂಧಿಯವರು ಆ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವನು ಇದೇ ಹಳ್ಳಿಹುಡುಗ! 1942ರ ಚಳವಳಿಯಲ್ಲಿ ಜೈಲಿಗೂ ಹೋಗಿಬಂದ. ಓದು ಮಾತ್ರ ಬಿಡಲಿಲ್ಲ. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಒಹಾಯೋದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದರು. ಅಜ್ಜ ಅಜ್ಜಿಯರಿಗೆ ಈಗ ಗುರುತು ಸಿಕ್ಕಿರಬೇಕು. ನಾಡೆಲ್ಲ ಪ್ರೀತಿಯಿಂದ ‘ಎಚ್ಚೆನ್’ ಎನ್ನುತ್ತಿದ್ದುದು ಇವರನ್ನೇ.

ಇಷ್ಟು ಕಲಿತವರು ಬಂಗಲೆ ಕಟ್ಟಿಸಿಕೊಳ್ಳಬಹುದಿತ್ತು. ಎಚ್ಚೆನ್ ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳ ಜೊತೆಯಲ್ಲೇ ಬಾಳಿದರು. ಅದೇ ಖಾದಿ ಜುಬ್ಬ, ಪಂಚೆ, ಗಾಂಧಿ ಟೋಪಿ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದವರು, ಪದ್ಮಭೂಷಣ ಪಡೆದವರು ಪಕ್ಕದ ಕೋಣೆಯಲ್ಲೇ ಇದ್ದಾರೆಂದರೆ ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಎಂಥ ಧೈರ್ಯ! ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ನ್ಯಾಷನಲ್ ಕಾಲೇಜು ತೆರೆಯಿಸಿದರು. ತಮ್ಮಂತೆ ಮಕ್ಕಳು ನಡೆದು ಬರುವಂತಾಗಬಾರದು, ಕಾಲೇಜೇ ಅವರ ಹತ್ತಿರ ಹೋಗಬೇಕು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿ, ವಾರವಾರವೂ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸ ಏರ್ಪಡಿಸಿದರು. 2005ರಲ್ಲಿ ತೀರಿಕೊಂಡರು.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಅಲ್ಲಿ ಸಾಲ ಕೊಟ್ಟವರಿಗೇ ವಾಪಸ್ ಹೋಗಬೇಕು. ಮೇಷ್ಟ್ರ ಉಪಕಾರದ ಲೆಕ್ಕ ಬೇರೆ. ನಾರಾಯಣರಾಯರಿಂದ ಪಡೆದದ್ದನ್ನು ಎಚ್ಚೆನ್ ಮುಂದಿನ ಮಕ್ಕಳಿಗೆ ತೀರಿಸಿದರು.

ಅಜ್ಜಂಪುರದ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಓದಲು ಬರುವ ಮಕ್ಕಳು ಇಂದೂ ಇದ್ದಾರೆ. ನಿಮ್ಮ ತರಗತಿಯಲ್ಲೂ ಒಬ್ಬರಿರಬಹುದು. ಬಸ್ಸು ತಪ್ಪಿ ಪಾಠ ತಪ್ಪಿದ ದಿನ ನಿಮ್ಮ ನೋಟ್‌ಬುಕ್ ಅವರಿಗೆ ಕೊಡಿ. ತಿಂಡಿ ಆಯಿತೇ ಎಂದು ಕೇಳಿ. ನಿಮಗೆ ಅದರಿಂದ ಖರ್ಚೇನೂ ಇಲ್ಲ.