ಮೆದುಳಿನ ಕಸ ತೆಗೆಯುವ ಔಷಧ: ನಂಬಿದ್ದೇನು, ನಿಜವೇನು?

ಅಲ್ಜೈಮರ್, ಪಾರ್ಕಿನ್ಸನ್, ಹಂಟಿಂಗ್‌ಟನ್ ಕಾಯಿಲೆಗಳಲ್ಲಿ ಕೆಟ್ಟ ಪ್ರೋಟೀನುಗಳು ಮೆದುಳಿನಲ್ಲಿ ಗಂಟುಗಟ್ಟುತ್ತವೆ. ಇಂಥ ತ್ಯಾಜ್ಯವನ್ನು ಸುತ್ತುವರಿದು, ಲೈಸೋಸೋಮ್ ಎಂಬ ಪುಟ್ಟ ಚೀಲಕ್ಕೆ ಒಯ್ದು ಕರಗಿಸುವ ವ್ಯವಸ್ಥೆ ಜೀವಕೋಶದಲ್ಲೇ ಇದೆ. ಅದೇ ಆಟೋಫೇಜಿ. ಔಷಧದಿಂದ ಅದನ್ನು ಚುರುಕುಗೊಳಿಸುವ ಸಂಶೋಧನೆ ಭರವಸೆಯ ಜೊತೆಗೆ ತಪ್ಪು ಕಲ್ಪನೆಗಳನ್ನೂ ಹರಡಿದೆ.

ತಪ್ಪು ಕಲ್ಪನೆ: ಉಪವಾಸವೇ ಮದ್ದು, ಅದಕ್ಕೆ ನೊಬೆಲ್ ಕೂಡ ಬಂದಿದೆ.
ಸತ್ಯ: 2016ರಲ್ಲಿ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ ನೊಬೆಲ್ ಬಂದದ್ದು ಆಟೋಫೇಜಿ ನಡೆಯುವ ಬಗೆಯನ್ನು ಯೀಸ್ಟ್‌ನಲ್ಲಿ ಬಿಡಿಸಿ ತೋರಿಸಿದ್ದಕ್ಕೆ. ಉಪವಾಸದಿಂದ ಮನುಷ್ಯರ ನರರೋಗ ವಾಸಿಯಾಗುತ್ತದೆ ಎನ್ನಲು ಪುರಾವೆಯಿಲ್ಲ. ಮೊದಲೇ ತೂಕ ಇಳಿಯುತ್ತಿರುವ ಹಿರಿಯರಿಗೆ ಊಟ ಬಿಡಿಸುವುದು ಅಪಾಯ.

ತಪ್ಪು ಕಲ್ಪನೆ: ಇಲಿಗೆ ಗುಣ ಕಂಡರೆ ನಮಗೂ ಆದೀತು.
ಸತ್ಯ: ಈಸ್ಟರ್ ದ್ವೀಪದ ಮಣ್ಣಿನಿಂದ ಸಿಕ್ಕ ರಾಪಮೈಸಿನ್, ಎಂಟಾರ್ ಎಂಬ ಪ್ರೋಟೀನನ್ನು ತಡೆದು ಆಟೋಫೇಜಿ ಹೆಚ್ಚಿಸುತ್ತದೆ. ಅದರ ಬಳಗದ ಔಷಧ ಹಂಟಿಂಗ್‌ಟನ್ ಕಾಯಿಲೆಯ ಇಲಿಗಳಲ್ಲಿ ಫಲ ಕೊಟ್ಟದ್ದು 2004ರಲ್ಲಿ ವರದಿಯಾಯಿತು. ಆದರೆ ರಾಪಮೈಸಿನ್ ಮೂತ್ರಪಿಂಡ ಕಸಿಯಾದವರಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಔಷಧ. ತಾವಾಗಿಯೇ ನುಂಗಿದರೆ ಸೋಂಕನ್ನು ಆಹ್ವಾನಿಸಿದಂತೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ರವಿ ಮಂಜಿತ್ತಾಯ ಅವರ ತಂಡ 2017ರಲ್ಲಿ ವರದಿ ಮಾಡಿದ, ಆಟೋಫೇಜಿ ಹೆಚ್ಚಿಸುವ '6-ಬಯೋ' ಎಂಬ ಅಣುವೂ ಯೀಸ್ಟ್ ಮತ್ತು ಇಲಿಗಳಲ್ಲಿ ಪರೀಕ್ಷೆಗೊಳಗಾದದ್ದು.

ತಪ್ಪು ಕಲ್ಪನೆ: ಆಟೋಫೇಜಿ ಹೆಚ್ಚಿದಷ್ಟೂ ಒಳ್ಳೆಯದು.
ಸತ್ಯ: ಅಲ್ಜೈಮರ್ ಬಂದ ಮೆದುಳಿನಲ್ಲಿ ತ್ಯಾಜ್ಯ ತುಂಬಿದ ಚೀಲಗಳು ಕರಗದೆ ರಾಶಿಬಿದ್ದಿರುವುದು ಕಂಡಿದೆ. ಲೈಸೋಸೋಮ್ ಸೋತಿರುವಾಗ ಆರಂಭದ ಹಂತವನ್ನಷ್ಟೇ ಚುರುಕುಗೊಳಿಸುವುದೆಂದರೆ ಸಂಸ್ಕರಣಾ ಘಟಕ ಕೆಟ್ಟು ನಿಂತಾಗ ಕಸದ ಲಾರಿಗಳನ್ನು ಹೆಚ್ಚಿಸಿದಂತೆ. ಎಲ್ಲಿ ತಡೆಯಾಗಿದೆಯೋ ಅಲ್ಲಿಗೇ ಔಷಧ ಬೇಕು.

ತಪ್ಪು ಕಲ್ಪನೆ: ಕೆಮ್ಮಿನ ಸಿರಪ್ ಪಾರ್ಕಿನ್ಸನ್ ತಡೆಯುತ್ತದೆ.
ಸತ್ಯ: ಕೆಮ್ಮಿನ ಸಿರಪ್‌ನಲ್ಲಿರುವ ಆಂಬ್ರಾಕ್ಸಾಲ್ ಲೈಸೋಸೋಮಿನ ಒಂದು ಕಿಣ್ವಕ್ಕೆ ಬಲ ಕೊಡುತ್ತದೆ. 2020ರಲ್ಲಿ ಪ್ರಕಟವಾದ ಲಂಡನ್ನಿನ ಸಣ್ಣ ಪ್ರಯೋಗದಲ್ಲಿ ಅದು ಮೆದುಳಿನ ದ್ರವವನ್ನು ತಲುಪಿದ್ದು ಖಚಿತವಾಯಿತು. ರೋಗ ನಿಧಾನವಾಗುತ್ತದೆಯೇ ಎಂಬುದನ್ನು ದೊಡ್ಡ ಪ್ರಯೋಗವೇ ಹೇಳಬೇಕು. ಅಲ್ಲಿ ಕೊಟ್ಟ ಪ್ರಮಾಣವೂ ಕೆಮ್ಮಿಗೆ ಕೊಡುವುದಕ್ಕಿಂತ ಬಹಳ ಹೆಚ್ಚು.

ತಪ್ಪು ಕಲ್ಪನೆ: ಕಸ ತೆಗೆದರೆ ಕಳೆದ ನೆನಪು ಮರಳುತ್ತದೆ.
ಸತ್ಯ: ಸತ್ತ ನರಕೋಶವನ್ನು ಆಟೋಫೇಜಿ ಬದುಕಿಸಲಾರದು, ಉಳಿದವನ್ನು ಕಾಪಾಡುವುದೇ ಗುರಿ. ಹಾಗಾಗಿ ನಡುಕವೋ ಮರೆವೋ ಕಾಣಿಸಿಕೊಂಡರೆ ತಡಮಾಡದೆ ನರರೋಗ ತಜ್ಞರನ್ನು ಕಾಣಿ. ಅವರು ಬರೆದುಕೊಟ್ಟ ಮಾತ್ರೆಯನ್ನು ವಾಟ್ಸ್‌ಆ್ಯಪ್ ಸಂದೇಶ ನಂಬಿ ನಿಲ್ಲಿಸಬೇಡಿ.