ಕಂದನಿಗೇಕೆ ಕೋಪ?

ಎಂಟು ತಿಂಗಳ ಕೂಸೊಂದು ಚಾಪೆಯ ಮೇಲೆ ಬೋರಲಾಗಿ ಮಲಗಿದೆ. ಅದರ ಕೈಗೆ ಎಟುಕದಷ್ಟು ದೂರದಲ್ಲಿ ಬಣ್ಣದ ಗಿಲಕಿ ಬಿದ್ದಿದೆ. ಕೂಸಿಗೆ ಅದು ಬೇಕು. ಎರಡು ಕೈಗಳನ್ನೂ ನೆಲಕ್ಕೆ ಊರಿ ಬಲವಾಗಿ ಒತ್ತುತ್ತದೆ. ತೋಳುಗಳಿಗೆ ಬಲ ಬಂದಿದೆ. ಕಾಲುಗಳಿಗೆ ಇನ್ನೂ ಬಂದಿಲ್ಲ. ಆದ್ದರಿಂದ ಮೈ ಮುಂದಕ್ಕೆ ಸರಿಯುವ ಬದಲು ಹಿಂದಕ್ಕೆ ಜಾರುತ್ತದೆ. ಒತ್ತಿದಷ್ಟೂ ಗಿಲಕಿ ದೂರವಾಗುತ್ತದೆ. ಎರಡು ಸಲ, ಮೂರು ಸಲ ಪ್ರಯತ್ನಿಸಿ, ಕೊನೆಗೆ ಮುಖವನ್ನು ಕೆಂಪಗೆ ಮಾಡಿಕೊಂಡು ಕೂಸು ಕಿಟಾರನೆ ಕಿರುಚುತ್ತದೆ. ಅಡಿಗೆಮನೆಯಿಂದ ಓಡಿಬಂದ ತಾಯಿಗೆ ಕಾರಣವೇ ತಿಳಿಯದು. ಹಸಿವೆ ಎನ್ನೋಣವೆಂದರೆ ಈಗ ತಾನೇ ಹಾಲು ಕುಡಿದಿದೆ. ಇರುವೆ ಕಚ್ಚಿತೇ ಎಂದು ನೋಡಿದರೆ ಮೈಮೇಲೆ ಗುರುತಿಲ್ಲ. “ದೃಷ್ಟಿಯಾಗಿದೆ ಕಣಮ್ಮ” ಎಂದು ಅತ್ತೆಯವರು ಉಪ್ಪು, ಮೆಣಸಿನಕಾಯಿ ತರಲು ಹೋಗುತ್ತಾರೆ. “ಈಗಿನಿಂದಲೇ ಇಷ್ಟು ಹಟ!” ಎಂದು ಪತ್ರಿಕೆಯ ಹಿಂದಿನಿಂದ ತಂದೆಯ ತೀರ್ಪು ಹೊರಬೀಳುತ್ತದೆ.

ಅದು ದೃಷ್ಟಿಯೂ ಅಲ್ಲ, ಹಟವೂ ಅಲ್ಲ. ಬೇಕೆಂಬ ಆಸೆ ಒಂದು ಕಡೆ, ಕೈಲಾಗದ ಸ್ಥಿತಿ ಇನ್ನೊಂದು ಕಡೆ. ಇವೆರಡರ ನಡುವೆ ಸಿಕ್ಕಿದ ಪುಟ್ಟ ಜೀವದ ಕೂಗು. ದೊಡ್ಡವರಿಗೂ ಈ ಅನುಭವ ಹೊಸದಲ್ಲ. ಕೊಡೆ, ಚೀಲಗಳೊಡನೆ ಓಡಿಬಂದವರ ಕಣ್ಣೆದುರಿಗೇ ಬಸ್ಸು ಹೊರಟುಹೋದರೆ ಅವರ ಮನಸ್ಸಿನಲ್ಲಿ ಏಳುವುದೂ ಇದೇ. ಅವರು ರಸ್ತೆಯಲ್ಲಿ ಉರುಳಾಡಿ ಕಿರುಚುವುದಿಲ್ಲವೆಂಬುದೊಂದೇ ವ್ಯತ್ಯಾಸ.

ಶಿಶುವಿನ ಎಲ್ಲ ಅಳುವೂ ಕೋಪವಲ್ಲವೆಂಬುದನ್ನು ಮೊದಲು ತಿಳಿಯಬೇಕು. ಮೊದಲ ಎರಡು ಮೂರು ತಿಂಗಳ ಅಳುವಿನ ಬಗೆಯೇ ಬೇರೆ. ಅಮೆರಿಕದ ಶಿಶುವೈದ್ಯ ಬ್ರೇಜಲ್ಟನ್ ಅವರು 80 ಶಿಶುಗಳ ಅಳುವನ್ನು ತಾಯಂದಿರಿಂದ ಬರೆಸಿ, 1962ರಲ್ಲಿ ಅದರ ಲೆಕ್ಕವನ್ನು ಪ್ರಕಟಿಸಿದರು. ಆರೋಗ್ಯವಂತ ಶಿಶುಗಳೇ ಆರು ವಾರದ ವಯಸ್ಸಿನಲ್ಲಿ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ ಅಳುತ್ತಿದ್ದುವು. ಅದೂ ಹೆಚ್ಚಾಗಿ ಸಂಜೆಯ ಹೊತ್ತು. ಬಳಿಕ ಅಳು ತಾನಾಗಿ ಇಳಿಯಿತು. ಮುಸ್ಸಂಜೆಯಲ್ಲಿ ರಚ್ಚೆ ಹಿಡಿಯುವ ಎಳೆಗೂಸನ್ನು ಕಂಡು ಹೆದರುವ ಹೊಸ ತಾಯಂದಿರಿಗೆ ಈ ಒಂದು ಅಂಕಿಯೇ ಎಷ್ಟೋ ಸಮಾಧಾನ ನೀಡಬಲ್ಲುದು.

ಕೋಪ ಎಂದಿನಿಂದ ಕಾಣಿಸಿಕೊಳ್ಳುತ್ತದೆ? ಕೆನಡಾದ ಮಾಂಟ್ರಿಯಲ್ ನಗರದಲ್ಲಿ 62 ಶಿಶುಗಳನ್ನು ಗಮನಿಸಿದ ಕ್ಯಾಥರೀನ್ ಬ್ರಿಜಸ್ ಎಂಬ ವಿದುಷಿ, ಸಾಮಾನ್ಯ ಸಂಕಟದಿಂದ ಕೋಪವು ಬೇರೆಯಾಗಿ ಎದ್ದು ಕಾಣುವುದು ಸುಮಾರು ಅರ್ಧ ವರ್ಷದ ಹೊತ್ತಿಗೆ ಎಂದು 1932ರಲ್ಲಿ ಬರೆದರು. ಅದಕ್ಕೂ ಮುಂಚೆಯೇ ಅದರ ಕುರುಹು ಇದೆಯೆಂದು ತೋರಿಸಿದುದು 1990ರಲ್ಲಿ ಪ್ರಕಟವಾದ ಮೈಕೇಲ್ ಲೂಯಿಸ್ ಮತ್ತು ಅವರ ಸಂಗಡಿಗರ ಪ್ರಯೋಗ. ಎರಡರಿಂದ ಎಂಟು ತಿಂಗಳ ಶಿಶುಗಳ ಕೈಗೆ ಒಂದು ದಾರವನ್ನು ಕಟ್ಟಿದರು. ಕೈ ಎಳೆದರೆ ಎದುರಿಗೆ ನಗುವ ಮಗುವಿನ ಚಿತ್ರ ಮೂಡುತ್ತಿತ್ತು, ಹಾಡು ಕೇಳಿಸುತ್ತಿತ್ತು. ಶಿಶುಗಳು ಬೇಗನೆ ಈ ವಿದ್ಯೆಯನ್ನು ಕಲಿತು ಆನಂದಪಟ್ಟುವು. ಅನಂತರ ದಾರ ಎಳೆದರೂ ಚಿತ್ರ ಬಾರದಂತೆ ಮಾಡಿದರು. ಎಳೆಯ ಮುಖಗಳ ಮೇಲೆ ಕೋಪ ಮೂಡಿತು! ಆದರೆ ಸ್ವಾರಸ್ಯವಿರುವುದು ಮುಂದಿನ ಸಂಗತಿಯಲ್ಲಿ. ಕೋಪಗೊಂಡ ಶಿಶುಗಳು ಕೈಬಿಟ್ಟು ಸುಮ್ಮನಾಗಲಿಲ್ಲ. ಮೊದಲಿಗಿಂತ ಹೆಚ್ಚಾಗಿ ದಾರವನ್ನು ಎಳೆದುವು. ಚಿತ್ರ ಮರಳಿ ಬಂದೊಡನೆ ಮುಖವೂ ಅರಳಿತು. ಹಾಗಾದರೆ ಶಿಶುವಿನ ಕೋಪ ಕೇವಲ ದುರ್ಗುಣವಲ್ಲ. ಬಿಡದೆ ಯತ್ನಿಸುವ ಶಕ್ತಿಯೂ ಅದರೊಳಗಿದೆ.

ಈ ದೃಷ್ಟಿಯಿಂದ ನೋಡಿದರೆ ಮನೆಯಲ್ಲಿ ನಡೆಯುವ ರಂಪಗಳಲ್ಲಿ ಎಷ್ಟೋ ಅರ್ಥವಾಗುತ್ತವೆ. ಒಂಬತ್ತು ಹತ್ತು ತಿಂಗಳ ಮಗು ಮಂಚದ ಕಾಲನ್ನೋ ತೊಟ್ಟಿಲ ಅಂಚನ್ನೋ ಹಿಡಿದು ಎದ್ದು ನಿಲ್ಲುತ್ತದೆ. ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆದರೆ ಮತ್ತೆ ಕೂರುವುದು ಹೇಗೆಂದು ಅದಕ್ಕಿನ್ನೂ ತಿಳಿಯದು! ಕಾಲು ಸೋಲುತ್ತದೆ, ಕೈ ಬಿಡಲು ಭಯ. ನಡುರಾತ್ರಿಯಲ್ಲಿ ಎಚ್ಚರಗೊಂಡು ತೊಟ್ಟಿಲಲ್ಲಿ ನಿಂತು ಅರಚುವ ಮಗುವಿನ ಕಷ್ಟ ಅನೇಕ ವೇಳೆ ಇಷ್ಟೇ. ಅದನ್ನು ಎತ್ತಿ ಮಲಗಿಸಿದರೆ ಆ ಕ್ಷಣಕ್ಕೆ ಅಳು ನಿಲ್ಲುತ್ತದೆ. ಹಗಲಿನಲ್ಲಿ ಸೊಂಟ ಹಿಡಿದು, ಮಂಡಿ ಬಗ್ಗಿಸಿ, ಮೆಲ್ಲನೆ ಕೂರುವುದನ್ನು ಹತ್ತಾರು ಸಲ ಕಲಿಸಿದರೆ ರಾತ್ರಿಯ ಕಾಟವೇ ತಪ್ಪುತ್ತದೆ. ಗಿಲಕಿಯ ಕೂಸಿಗೂ ಹಾಗೆಯೇ. ಗಿಲಕಿಯನ್ನು ತಂದು ಕೈಗಿಡುವುದಕ್ಕಿಂತ ಅಂಗಾಲಿಗೆ ಅಂಗೈಯನ್ನು ಒತ್ತಿ ಹಿಡಿದರೆ, ಅದನ್ನೇ ಮೆಟ್ಟಿಕೊಂಡು ಕೂಸು ಮುಂದೆ ಸರಿಯುತ್ತದೆ. ಗಿಲಕಿ ದೊರೆತಾಗ ಅದರ ಮುಖವನ್ನು ನೋಡಬೇಕು!

ಮೈಯನ್ನು ಹಿಡಿದು ಕಟ್ಟಿಹಾಕಿದರೂ ಕೋಪ ಬರುತ್ತದೆ. ಮುಖ ಒರೆಸುವಾಗ, ಅಂಗಿ ತೊಡಿಸುವಾಗ, ಅಜ್ಜಿ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆನೀರು ಹಾಕುವಾಗ ನಡೆಯುವ ಯುದ್ಧ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಮಗುವಿನ ಇಷ್ಟದಂತೆ ಬಿಡುವ ಹಾಗಿಲ್ಲ, ಸ್ನಾನವಂತೂ ಆಗಲೇಬೇಕು. ಆದರೆ ಕೈಗೊಂದು ಚಮಚವನ್ನೋ ಪುಟ್ಟ ಲೋಟವನ್ನೋ ಕೊಟ್ಟು, ಮಾಡುತ್ತಿರುವುದನ್ನು ಬಾಯಲ್ಲಿ ಹೇಳುತ್ತ ಬೇಗ ಮುಗಿಸುವ ಅಜ್ಜಿಯ ಕೈಯಲ್ಲಿ ಮಗು ಕಡಮೆ ಅಳುತ್ತದೆ.

ಕೋಪಕ್ಕೂ ಗಡಿಯಾರವುಂಟು

ಕೋಪದ ಬಗೆಗೆ ನಡೆದ ಅಧ್ಯಯನಗಳಲ್ಲಿ ಅತ್ಯಂತ ಉಪಯುಕ್ತವಾದುದು ಪ್ರಾಯಶಃ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಫ್ಲಾರೆನ್ಸ್ ಗುಡ್‌ಇನಫ್ ಅವರದು. ಅವರು ಯಾವ ಯಂತ್ರವನ್ನೂ ಬಳಸಲಿಲ್ಲ. 45 ಮಕ್ಕಳ ತಾಯಂದಿರ ಕೈಗೆ ದಿನಚರಿಯನ್ನು ಕೊಟ್ಟು, ಮಗು ಸಿಟ್ಟಾದಾಗಲೆಲ್ಲ ಹೊತ್ತು, ಕಾರಣ, ಮಾಡಿದ ಉಪಾಯ ಎಲ್ಲವನ್ನೂ ಬರೆದಿಡಲು ಹೇಳಿದರು. ಹೀಗೆ ಒಟ್ಟಾದ 1,878 ಕೋಪದ ಪ್ರಸಂಗಗಳನ್ನು ವಿಂಗಡಿಸಿ 1931ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಎರಡನೆಯ ವರ್ಷದಲ್ಲಿ ಕೋಪ ತುತ್ತತುದಿಗೆ ಏರಿ ಬಳಿಕ ಇಳಿಯುತ್ತದೆ. ಊಟದ ವೇಳೆಗೆ ಸ್ವಲ್ಪ ಮುಂಚೆ ಅದು ಹೆಚ್ಚು. ನೆಗಡಿಯಂಥ ಸಣ್ಣ ಕಾಯಿಲೆಯ ದಿನಗಳಲ್ಲಿಯೂ ಹೆಚ್ಚು. ಮದುವೆಮನೆಯ ಗದ್ದಲದಲ್ಲಿ ಊಟ, ನಿದ್ರೆಗಳ ಹೊತ್ತು ತಪ್ಪಿದ ಮಗು ಛತ್ರದ ನಡುವೆ ನೆಲಕ್ಕೆ ಬಿದ್ದು ಹೊರಳಿದರೆ ಅದು ವಂಶದ ಗುಣವೆಂದು ಎರಡು ಕಡೆಯ ಬೀಗರೂ ಒಬ್ಬರನ್ನೊಬ್ಬರು ನೋಡಬೇಕಾಗಿಲ್ಲ. ಕಲಸಿದ ಹಾಲನ್ನದ ಒಂದು ಬಟ್ಟಲು, ಕತ್ತಲೆಯ ಒಂದು ಮೂಲೆ ಸಾಕು.

ಈ ದಿನಚರಿಯ ಉಪಾಯವನ್ನು ಯಾವ ತಾಯಿಯೂ ಒಂದು ವಾರ ಮಾಡಿನೋಡಬಹುದು. ಕ್ಯಾಲೆಂಡರಿನ ಹಾಳೆಯ ಮೇಲೆ ಅಳುವಿನ ಹೊತ್ತನ್ನೂ ಅದಕ್ಕೆ ಮುಂಚಿನ ಸಂಗತಿಯನ್ನೂ ಗುರುತು ಹಾಕಿದರೆ, “ದಿನವೆಲ್ಲ ಅಳುತ್ತದೆ” ಎಂದುಕೊಂಡಿದ್ದ ಮಗು ನಿಜವಾಗಿ ಅಳುವುದು ಹನ್ನೊಂದೂವರೆಗೆ ಮತ್ತು ಸಂಜೆ ಆರಕ್ಕೆ ಎಂದು ತಿಳಿದುಬರಬಹುದು. ಊಟವನ್ನು ಅರ್ಧ ಗಂಟೆ ಹಿಂದಕ್ಕೆ ತಂದರೆ ಅರ್ಧ ರಂಪ ಅಲ್ಲಿಗೇ ಮುಗಿಯಿತು.

ಮಾತು ಬಾರದ ಕೂಸಿನ ನೋವನ್ನು ತಿಳಿಯುವ ಬಗೆಯನ್ನು ನಮ್ಮ ಆಯುರ್ವೇದದ ಕಾಶ್ಯಪ ಸಂಹಿತೆ ಒಂದು ಅಧ್ಯಾಯದಲ್ಲಿಯೇ ವಿವರಿಸಿದೆ. ಕಿವಿನೋವಿನ ಮಗು ಕೈಗಳಿಂದ ಕಿವಿಯನ್ನು ಮುಟ್ಟಿಕೊಂಡು ತಲೆಯನ್ನು ಹೊರಳಿಸುತ್ತದೆ, ಬಾಯಿಯ ರೋಗವಿದ್ದರೆ ಜೊಲ್ಲು ಸುರಿಸಿ ಮೊಲೆಯನ್ನು ಒಲ್ಲದು ಎಂಬಂಥ ಲಕ್ಷಣಗಳು ಅಲ್ಲಿವೆ. ದಿನವೂ ನಗುತ್ತಿದ್ದ ಮಗು ಥಟ್ಟನೆ ಸಿಡುಕಾದರೆ ಇಂದಿಗೂ ಮೊದಲು ನೋಡಬೇಕಾದುದು ಕಿವಿ, ಬಾಯಿ, ಹೊಟ್ಟೆ, ಜ್ವರಗಳನ್ನೇ.

ಗುಮ್ಮ, ಗುಳಿಗೆ, ಗಾಜಿನ ಪರದೆ

ಅಳುವ ಮಗುವನ್ನು ಸುಮ್ಮನಾಗಿಸಲು ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಅಗ್ಗದ ಸಾಧನ ಗುಮ್ಮ. ಪುರಂದರದಾಸರ ಕೃಷ್ಣನೇ ಗುಮ್ಮನಿಗೆ ಹೆದರಿದ ಮೇಲೆ ಉಳಿದವರ ಪಾಡೇನು! ಆದರೆ ಚರಕ ಸಂಹಿತೆ ಈ ವಿಷಯದಲ್ಲಿ ಬಹು ಸ್ಪಷ್ಟವಾಗಿದೆ. ಮಗು ಅಳುವಾಗ, ಉಣ್ಣದಿರುವಾಗ, ಮಾತು ಕೇಳದಿರುವಾಗ ರಾಕ್ಷಸ, ಪಿಶಾಚ, ಪೂತನಿ ಮುಂತಾದವರ ಹೆಸರು ಹೇಳಿ ಅದನ್ನು ಹೆದರಿಸಕೂಡದೆಂದು ಶಾರೀರಸ್ಥಾನದಲ್ಲಿ ಹೇಳಿದೆ. ಭಯದಿಂದ ಬಾಯಿ ಮುಚ್ಚಿದ ಮಗು ಸಮಾಧಾನಗೊಂಡಿರುವುದಿಲ್ಲ.

ಗುಳಿಗೆಯ ಕಥೆ ಗುಮ್ಮನಿಗಿಂತ ಘೋರವಾದುದು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರಲ್ಲಿ ಅನೇಕರು ಹಸುಳೆಗಳಿಗೆ ಅಫೀಮಿನ ಗುಳಿಗೆಯನ್ನು ನುಂಗಿಸುತ್ತಿದ್ದರು. ಅದೇ ಕಾಲದವರೆಗೆ ಅಮೆರಿಕದ ಅಂಗಡಿಗಳಲ್ಲಿ ಹಲ್ಲು ಬರುವ ಮಕ್ಕಳಿಗೆಂದು ಮಾರಾಟವಾಗುತ್ತಿದ್ದ ಮಿಸೆಸ್ ವಿನ್‌ಸ್ಲೋ ಸಿರಪ್ಪಿನಲ್ಲಿದ್ದುದು ಮಾರ್ಫಿನ್. ಕೆಲವು ಕಂದಗಳು ಮತ್ತೆ ಏಳಲೇ ಇಲ್ಲ. ಇಂದು ಬಾಯಿಗೆ ಹಾಕುವ ಔಷಧಿಯ ಬದಲು ಕಣ್ಣಿಗೆ ಹಾಕುವ ಔಷಧಿ ಬಂದಿದೆ. ಅದು ಮೊಬೈಲ್ ಫೋನು. ಅದನ್ನು ಅಫೀಮಿಗೆ ಸಮನೆನ್ನುವುದು ಅನ್ಯಾಯವಾದೀತು. ಆದರೂ ಒಂದು ವರ್ಷ ತುಂಬದ ಮಕ್ಕಳಿಗೆ ಪರದೆಯನ್ನು ತೋರಿಸುವುದೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಮಾಡಿದೆ.

“ಎತ್ತಿಕೊಳ್ಳಬೇಡಮ್ಮ, ಕೈಯಭ್ಯಾಸವಾದರೆ ಆಮೇಲೆ ಕೆಳಗೇ ಇಳಿಯದು” ಎಂಬುದು ಇನ್ನೊಂದು ಉಪದೇಶ. ಇದು ಅಜ್ಜಿಯರದು ಮಾತ್ರವಲ್ಲ. ಮಗುವನ್ನು ಮುದ್ದಿಸಬಾರದು, ಬೆಳಿಗ್ಗೆ ಎದ್ದಾಗ ಕೈಕುಲುಕಿದರೆ ಸಾಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ ಬರೆದ ಪುಸ್ತಕವನ್ನು ಒಂದು ಪೀಳಿಗೆಯ ವಿದ್ಯಾವಂತ ತಂದೆತಾಯಿಗಳೇ ನಂಬಿದ್ದರು. ಮುಂದಿನ ಪರೀಕ್ಷೆಗಳು ಆ ಪಕ್ಷದಲ್ಲಿ ನಿಲ್ಲಲಿಲ್ಲ. ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಶಿಶುಗಳು ವರ್ಷದ ಕೊನೆಗೆ ಕಡಮೆ ಅಳುತ್ತಿದ್ದುವೆಂದು ಬೆಲ್ ಮತ್ತು ಏನ್ಸ್‌ವರ್ತ್ 1972ರಲ್ಲಿ ವರದಿಮಾಡಿದರು. ಅವರ ಲೆಕ್ಕದ ಮೇಲೆ ಆಕ್ಷೇಪಗಳೂ ಬಂದುವು. 1986ರಲ್ಲಿ ಹುಂಜಿಕರ್ ಮತ್ತು ಬಾರ್ ಎಂಬುವರು, ಅಳಲಿ ಅಳದಿರಲಿ ದಿನಕ್ಕೆ ಹೆಚ್ಚು ಹೊತ್ತು ಎತ್ತಿಕೊಂಡ ಆರು ವಾರದ ಶಿಶುಗಳು ಇತರ ಶಿಶುಗಳಿಗಿಂತ ಶೇಕಡಾ 43ರಷ್ಟು ಕಡಮೆ ಅತ್ತುವೆಂದು ತೋರಿಸಿದರು. ಎಳೆಗೂಸನ್ನು ಎತ್ತಿಕೊಂಡು ಕೆಡಿಸಿದ ತಾಯಿ ಇಲ್ಲ.

ವರ್ಷ ದಾಟಿದ ಮಗುವಿನ ಮಾತು ಸ್ವಲ್ಪ ಬೇರೆ. ಅದಕ್ಕೆ ಈಗ ಮನೆಯ ನಿಯಮಗಳು ತಿಳಿಯತೊಡಗಿವೆ. ಕತ್ತರಿ ಬೇಕೆಂದು ಅತ್ತರೆ ಕತ್ತರಿ ಕೊಡಲಾಗದು. ಅಮ್ಮ ಬೇಡವೆಂದುದನ್ನು ಅಳು ಜೋರಾದೊಡನೆ ತಾತ ಕೈಗಿತ್ತರೆ, ಜೋರಾಗಿ ಅತ್ತರೆ ದೊರೆಯುತ್ತದೆಂಬ ಪಾಠವನ್ನು ಮಗು ಒಂದೇ ದಿನದಲ್ಲಿ ಕಲಿಯುತ್ತದೆ. ಕತ್ತರಿಯನ್ನು ಮೇಲಿಟ್ಟು, ಮುಚ್ಚಳವಿರುವ ಒಂದು ಡಬ್ಬಿಯನ್ನು ಕೈಗೆ ಕೊಟ್ಟು, “ಕತ್ತರಿ ಬೇಕಾಗಿತ್ತು, ಅಲ್ಲವೇ? ಕೋಪ ಬಂತು ನನ್ನ ಕಂದನಿಗೆ” ಎಂದು ಹೇಳಿ ಹತ್ತಿರದಲ್ಲಿಯೇ ಕುಳಿತಿರುವುದು ಉತ್ತಮ. ಕಾಯಬೇಕಾದ ಹೊತ್ತೂ ಬಹಳವಿಲ್ಲ. ಪಾಟಗಲ್ ಮತ್ತು ಡೇವಿಡ್‌ಸನ್ ಎಂಬ ವಿಜ್ಞಾನಿಗಳು ಒಂದೂವರೆಯಿಂದ ಐದು ವರ್ಷದ ಮಕ್ಕಳ ರಂಪಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದಂತೆ ನಾಲ್ಕರಲ್ಲಿ ಮೂರು ಪಾಲು ರಂಪಗಳು ಐದು ನಿಮಿಷದೊಳಗೆ ಮುಗಿದಿದ್ದುವು. ಕೋಪ ಮೊದಲು ಏರಿ ಇಳಿಯುತ್ತದೆ. ದುಃಖ ಕೊನೆಯವರೆಗೂ ಇರುತ್ತದೆ. ಸಿಟ್ಟು ಇಳಿದ ಮೇಲೆ ಕೈಚಾಚಿ ಬರುವ ಮಗುವನ್ನು “ಈಗ ಬಂದೆಯಾ?” ಎಂದು ದೂರ ತಳ್ಳುವುದು ಬಹು ಕ್ರೂರ.

ಉಸಿರು ಹಿಡಿಯುವ ಮಕ್ಕಳು

ಕೆಲವು ಮಕ್ಕಳು ಸಿಟ್ಟಿನಿಂದ ಅಳುತ್ತ ಅಳುತ್ತ ಉಸಿರನ್ನೇ ಹಿಡಿದುಬಿಡುತ್ತವೆ. ಬಾಯಿ ತೆರೆದಿರುತ್ತದೆ, ದನಿ ಹೊರಡದು. ತುಟಿ ನೀಲಿಯಾಗಿ, ಮೈ ಸೆಟೆದೋ ಜೋತುಬಿದ್ದೋ ಪ್ರಜ್ಞೆ ತಪ್ಪುವುದೂ ಉಂಟು. ನೋಡುವವರ ಜೀವವೇ ಹಾರಿಹೋಗುತ್ತದೆ. ಸಾಮಾನ್ಯವಾಗಿ ಆರು ತಿಂಗಳು ದಾಟಿದ ಮೇಲೆ ಮೊದಲಾಗುವ ಈ ತೊಂದರೆ ಐದಾರು ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ಉಸಿರೂ ಒಂದು ನಿಮಿಷದೊಳಗಾಗಿ ತಾನಾಗಿ ಮರಳುತ್ತದೆ. ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಬೆರಳು ಹಾಕುವುದು, ನೀರು ಎರಚುವುದು, ಹಿಡಿದು ಅಲುಗಿಸುವುದು ಕೂಡದು. ಮೊದಲ ಸಲ ಹೀಗಾದಾಗ ವೈದ್ಯರಿಗೆ ತೋರಿಸಲೇಬೇಕು. ಆರು ತಿಂಗಳಿಗಿಂತ ಎಳೆಯ ಕೂಸಾದರೆ, ಅಥವಾ ಒಂದು ನಿಮಿಷ ಮೀರಿದರೆ, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಇಂಥ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕಬ್ಬಿಣದ ಅಂಶ ಕಡಮೆಯಿರುವುದು ಕಂಡುಬಂದಿದೆ. ವೈದ್ಯರು ರಕ್ತಪರೀಕ್ಷೆ ಮಾಡಿಸಿ ಕಬ್ಬಿಣದ ಔಷಧಿ ಕೊಟ್ಟರೆ ಉಸಿರು ಹಿಡಿಯುವುದು ಕಡಮೆಯಾಗುತ್ತದೆ. ಪ್ರಜ್ಞೆ ತಪ್ಪಿದವರ ಮುಷ್ಟಿಯೊಳಗೆ ಕಬ್ಬಿಣದ ಬೀಗದಕೈಯನ್ನಿಡುವ ವಾಡಿಕೆ ನಮ್ಮಲ್ಲಿದೆ. ಕಬ್ಬಿಣ ಬೇಕಾದುದು ನಿಜವೇ, ಆದರೆ ರಕ್ತದಲ್ಲಿ!

ತಾಯಿಯ ಕೋಪ

ಇಷ್ಟೆಲ್ಲ ತಿಳಿದಿದ್ದರೂ ಒಂದು ಗಳಿಗೆ ಬರುತ್ತದೆ. ಮೂರು ರಾತ್ರಿಯ ನಿದ್ದೆಯಿಲ್ಲ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಗಂಡ ಮನೆಗೆ ಬಂದಿಲ್ಲ, ಮಗು ಎರಡು ಗಂಟೆಯಿಂದ ಅಳುತ್ತಿದೆ. ಎಂಥ ಸಹನಶೀಲೆಯಾದ ತಾಯಿಗೂ ಆಗ ಮಗುವನ್ನು ತೋಳು ಹಿಡಿದು ಕುಲುಕಿ “ಸಾಕು ಮಾಡು!” ಎನ್ನುವ ಹಾಗಾಗುತ್ತದೆ. ಕೂಡುಕುಟುಂಬದಲ್ಲಿ ಆ ಕ್ಷಣಕ್ಕೆ ಕೈಯಿಂದ ಕೈಗೆ ಮಗುವನ್ನು ದಾಟಿಸಲು ನಾಲ್ಕು ಜನರಿದ್ದರು. ನಗರದ ಮೂರನೆಯ ಮಹಡಿಯ ಮನೆಯಲ್ಲಿರುವುದು ಎರಡೇ ಕೈ.

ಕುಲುಕುವುದು ಹೊಡೆಯುವುದಕ್ಕಿಂತ ಸೌಮ್ಯವೆಂದು ಅನೇಕರ ಎಣಿಕೆ. ಅದು ಪ್ರಾಣಾಂತಿಕವಾದ ತಪ್ಪು ಎಣಿಕೆ. ಶಿಶುವಿನ ತಲೆ ಭಾರ, ಕುತ್ತಿಗೆ ಎಳೆಯದು. ಬಲವಾಗಿ ಕುಲುಕಿದರೆ ಮಿದುಳು ಹಿಂದುಮುಂದಕ್ಕೆ ತುಯ್ದು ಅದರ ಸುತ್ತಣ ರಕ್ತನಾಳಗಳು ಹರಿಯಬಹುದು. ಹೊರಗೆ ಒಂದು ಗೀರೂ ಕಾಣದೆ ಒಳಗೆ ರಕ್ತ ಸುರಿಯಬಹುದು. ಕುರುಡುತನ, ಬುದ್ಧಿಮಾಂದ್ಯ, ಮರಣ ಇವೆಲ್ಲವೂ ಇದರಿಂದ ಆಗಿವೆ. ಇಂಗ್ಲೆಂಡಿನ ಶಸ್ತ್ರವೈದ್ಯ ಗಥ್‌ಕೆಲ್ಚ್ 1971ರಲ್ಲಿ ಈ ಅಪಾಯವನ್ನು ಎತ್ತಿ ತೋರಿಸಿದ ಮೇಲೆಯೇ ಲೋಕಕ್ಕೆ ಅದರ ಅರಿವಾಯಿತು. ತೊಟ್ಟಿಲು ತೂಗುವುದು, ತೊಡೆಯ ಮೇಲೆ ಕುಣಿಸುವುದು ಇವುಗಳಿಂದ ಈ ಭಯವಿಲ್ಲ.

ಆ ಗಳಿಗೆಯಲ್ಲಿ ತಾಯಿ ಮಾಡಬೇಕಾದುದು ಒಂದೇ. ಮಗುವನ್ನು ಬೀಳದಂತೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಒಲೆ ಆರಿಸಿ, ಹೊರಗಿನ ಜಗಲಿಗೋ ಬಾಲ್ಕನಿಗೋ ಹೋಗಿ ನಿಲ್ಲುವುದು. ಒಂದು ಲೋಟ ನೀರು ಕುಡಿದು ಬರುವಷ್ಟು ಹೊತ್ತು, ಹತ್ತು ನಿಮಿಷವೇ ಆಗಲಿ, ಮಗು ಅತ್ತರೆ ಕೆಡುವುದಿಲ್ಲ. ಪಕ್ಕದ ಮನೆಯಾಕೆಯನ್ನು ಕರೆಯಬಹುದು, ತವರಿಗೆ ಫೋನು ಮಾಡಬಹುದು. ಪತ್ರಿಕೆಯನ್ನು ಮಡಿಸಿಟ್ಟು ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ಕೊನೆಯವರೆಗೆ ಹೋಗಿಬರುವುದು ತಂದೆಗೂ ಅಸಾಧ್ಯವಾದ ಕೆಲಸವಲ್ಲ. ಹೆರಿಗೆಯಾದ ಮೇಲೆ ವಾರಗಟ್ಟಲೆ ತಾಯಿಗೆ ಅಳು, ಸಿಟ್ಟು, ನಿರಾಶೆಗಳು ಬಿಡದಿದ್ದರೆ ಅದೂ ಕಾಯಿಲೆಯೇ, ಅದಕ್ಕೆ ಚಿಕಿತ್ಸೆಯುಂಟು.

ಯಾರಾದರೂ ಕೈಮೀರಿ ಮಗುವನ್ನು ಕುಲುಕಿದ್ದೇ ಆದರೆ, ಅದು ತಾಯಿಯೇ ಆಗಿರಲಿ ಆಯಾ ಆಗಿರಲಿ, ಮಗು ಚೆನ್ನಾಗಿಯೇ ಕಂಡರೂ ಅದನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಂಪರು, ವಾಂತಿ, ಹಾಲು ಒಲ್ಲದಿರುವುದು, ಸೆಳವು ಇವು ತಡವಾಗಿ ಕಾಣಿಸಿಕೊಳ್ಳಬಹುದು. ನಡೆದುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಮಂಚದಿಂದ ಬಿತ್ತೆಂದು ಕಥೆ ಕಟ್ಟಿದರೆ ಅವರು ಬೇರೆಲ್ಲಿಯೋ ಹುಡುಕುತ್ತ ಹೊತ್ತು ಕಳೆಯುತ್ತಾರೆ. ಕುಲುಕಿತೆಂದು ತಿಳಿದರೆ ಮೊದಲೇ ಮಿದುಳನ್ನು ಪರೀಕ್ಷಿಸುತ್ತಾರೆ.